ತಾಯಿ ಬಾವಿಗೆ ಇಳಿಯದೆ ಸುರಂಗದ ಲೆಕ್ಕ

ಖಟಕ ಚಿಂಚೋಳಿಯಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ ಭಾಲ್ಕಿಗೋ ಬೀದರ್‌ಗೋ ಪಿಯು ವಿಜ್ಞಾನಕ್ಕೆ ಹೋಗುವ ಮಕ್ಕಳಿಗೆ ಮೊದಲ ವರ್ಷವೇ ‘ಸರಳ ರೇಖೆಗಳು’ ಪಾಠ ಎದುರಾಗುತ್ತದೆ. ಒಂದೇ ರೇಖೆಗೆ ನಾಲ್ಕಾರು ಬಗೆಯ ಸಮೀಕರಣಗಳು. ಎಲ್ಲವನ್ನೂ ಬಾಯಿಪಾಠ ಮಾಡುವ ಬದಲು ಬಿಂದು–ಇಳಿಜಾರು ರೂಪವೊಂದನ್ನು ಗಟ್ಟಿ ಮಾಡಿಕೊಂಡರೆ ಉಳಿದವನ್ನು ಅದರಿಂದಲೇ ತೆಗೆಯಬಹುದು. ಅದನ್ನು ಕಲಿಯಲು ಬೀದರ್ ನಗರದ ಅಂಚಿನ ನೌಬಾದ್ ಕರೇಜ್ ಒಳ್ಳೆಯ ಜಾಗ.

ಕರೇಜ್ ಎಂದರೆ ನೆಲದಡಿಯ ಕಾಲುವೆ. ಜನ ಸುರಂಗ ಬಾವಿ ಅನ್ನುತ್ತಾರೆ. ಪರ್ಷಿಯಾದಿಂದ ಬಂದ ಈ ವಿದ್ಯೆ ಬಹಮನಿಗಳ ಕಾಲಕ್ಕೆ, 15ನೇ ಶತಮಾನದಲ್ಲಿ, ಇಲ್ಲಿ ಬೇರೂರಿತು. ಬೀದರ್ ಕೂತಿರುವುದು ಜಂಬಿಟ್ಟಿಗೆಯ ದಿಬ್ಬದ ಮೇಲೆ. ಮಳೆನೀರು ಆ ಕಲ್ಲಿನಲ್ಲಿ ಇಂಗುತ್ತದೆ, ಅಡಿಯ ಕರಿಬಂಡೆ ಅದನ್ನು ತಡೆಯುತ್ತದೆ. ಎತ್ತರದ ಕಡೆ ಒಂದು ತಾಯಿ ಬಾವಿ, ಅಲ್ಲಿಂದ ಸುರಂಗ, ದಾರಿಯುದ್ದಕ್ಕೂ ಗಾಳಿಗೂ ಮಣ್ಣೆತ್ತುವುದಕ್ಕೂ ತೋಡಿದ ಬಾವಿಗಳು. ಪಂಪಿನ ಮಾತೇ ಇಲ್ಲ. ಮೇಲಿನ ನೆಲ ಎಷ್ಟು ಬೇಗ ಇಳಿಯುತ್ತದೋ ಅದಕ್ಕಿಂತ ನಿಧಾನವಾಗಿ ಸುರಂಗದ ತಳ ಇಳಿದರೆ ಎರಡೂ ಮುಂದೆಲ್ಲೋ ಕೂಡುತ್ತವೆ, ನೀರು ತಾನಾಗಿ ಬಯಲಿಗೆ ಬರುತ್ತದೆ. ಇಳಿಜಾರು ಹೆಚ್ಚಾದರೆ ನೀರಿನ ರಭಸ ಸುರಂಗವನ್ನೇ ಕೊರೆಯುತ್ತದೆ, ತೀರ ಕಡಿಮೆಯಾದರೆ ಹೂಳು ಕಟ್ಟುತ್ತದೆ.

ಈಗ ಲೆಕ್ಕ. (ಅಂಕಿಗಳು ನೌಬಾದಿನ ಅಳತೆಗಳಲ್ಲ, ಪಾಠಕ್ಕೆಂದು ಇಟ್ಟುಕೊಂಡವು.) ತಾಯಿ ಬಾವಿ ಹೂಳಿನಿಂದ ಮುಚ್ಚಿದೆ, ತಳ ಅಳೆಯಲಾಗದು. ಆದರೆ ಅದರಿಂದ 500 ಮೀಟರ್ ದೂರದ ಬಾವಿಗೆ ಹಗ್ಗ ಇಳಿಬಿಟ್ಟು ನೋಡಿದರೆ ಸುರಂಗದ ತಳ 90 ಮೀಟರ್ ಎತ್ತರದ ಮಟ್ಟದಲ್ಲಿದೆ. 500 ಮೀಟರಿಗೆ 1 ಮೀಟರ್ ಇಳಿಯುತ್ತದೆ ಎಂದೂ ಗೊತ್ತು. ಇಳಿಜಾರು −1/500. ಬಿಂದು–ಇಳಿಜಾರು ರೂಪಕ್ಕೆ ಇಷ್ಟು ಸಾಕು:

ಎತ್ತರ − 90 = −(1/500) × (ದೂರ − 500)

ಪಠ್ಯದಲ್ಲಿ ಎತ್ತರಕ್ಕೆ ವೈ, ದೂರಕ್ಕೆ ಎಕ್ಸ್, ಇಳಿಜಾರಿಗೆ ಎಂ ಎಂದು ಬರೆದಿರುತ್ತಾರೆ. ಇದು ಹೊಸ ಸೂತ್ರವೇನಲ್ಲ. ಎತ್ತರದಲ್ಲಾದ ವ್ಯತ್ಯಾಸವನ್ನು ದೂರದ ವ್ಯತ್ಯಾಸದಿಂದ ಭಾಗಿಸಿದರೆ ಇಳಿಜಾರು. ಆ ಭಾಜಕವನ್ನು ಇನ್ನೊಂದು ಬದಿಗೆ ಗುಣಿಸಿ ಬರೆದಿದ್ದೇವೆ, ಅಷ್ಟೇ. ಇಳಿಜಾರು–ಛೇದಕ ರೂಪಕ್ಕಾದರೆ ದೂರ 0 ಇದ್ದಲ್ಲಿನ, ಅಂದರೆ ಹೂತುಹೋದ ತಾಯಿ ಬಾವಿಯ, ಎತ್ತರ ಮೊದಲೇ ಬೇಕು. ಇಲ್ಲಿ ಅದೇ ಕೊನೆಗೆ ಸಿಗುತ್ತದೆ: ದೂರ 0 ಹಾಕಿದರೆ 91.

ಹಗ್ಗ ಇಳಿಬಿಟ್ಟ ಬಾವಿಯ ಬಾಯಿ 102 ಮೀಟರ್ ಮಟ್ಟದಲ್ಲಿದ್ದು, ನೆಲ 100 ಮೀಟರಿಗೆ 1 ಮೀಟರ್ ಇಳಿದರೆ:

ಎತ್ತರ − 102 = −(1/100) × (ದೂರ − 500)

ಸುರಂಗ ಬಯಲಿಗೆ ಬರುವುದೆಲ್ಲಿ? ಆ ಬಾವಿಯಲ್ಲಿ ಎರಡರ ಅಂತರ 12 ಮೀಟರ್. ಅಲ್ಲಿಂದ ಮುಂದೆ ಪ್ರತಿ 500 ಮೀಟರಿಗೆ ನೆಲ 5 ಮೀಟರ್, ಸುರಂಗ 1 ಮೀಟರ್ ಇಳಿಯುವುದರಿಂದ ಅಂತರ 4 ಮೀಟರ್ ಕರಗುತ್ತದೆ. 12 ಮೀಟರ್ ಕರಗಲು 1500 ಮೀಟರ್ ಬೇಕು. ಹಾಗಾಗಿ ತಾಯಿ ಬಾವಿಯಿಂದ 2000 ಮೀಟರಿನಲ್ಲಿ, 87 ಮೀಟರ್ ಮಟ್ಟದಲ್ಲಿ ನೀರು ಹೊರಗೆ. (ದೂರ − 500) ಅನ್ನುವ ಆವರಣವನ್ನು ಬಿಡಿಸದೆ ಇಟ್ಟುಕೊಂಡದ್ದರಿಂದಲೇ ಇದು ಬಾಯಿಲೆಕ್ಕದಲ್ಲಿ ಮುಗಿಯಿತು. ಸಮೀಕರಣ ಕಂಡ ತಕ್ಷಣ ಆವರಣ ಬಿಡಿಸುವ ಚಾಳಿ ನಮ್ಮ ಮಕ್ಕಳಿಗೆ ಯಾಕೆ ಅಂಟಿದೆಯೋ!

ಇಳಿಜಾರು ಕೊಡದೆ ಎರಡು ಬಿಂದು ಕೊಟ್ಟರೂ ತೊಂದರೆಯಿಲ್ಲ. 1250 ಮೀಟರಿನಲ್ಲಿ 88.5, 2000ದಲ್ಲಿ 87 ಎಂದರೆ, 750 ಮೀಟರಿಗೆ 1.5 ಇಳಿತ, ಮತ್ತೆ −1/500. ಯಾವ ಬಿಂದು ಹಿಡಿದು ಬರೆದರೂ ರೇಖೆ ಅದೇ, ಉತ್ತರಪತ್ರಿಕೆಯಲ್ಲಿ ಪಕ್ಕದವನದು ಬೇರೆ ಥರ ಕಂಡರೆ ಗಾಬರಿ ಬೇಡ.

ಅಂಕ ಹೋಗುವುದು ಹೆಚ್ಚಾಗಿ ಚಿಹ್ನೆಯಲ್ಲಿ. ಬಿಂದುವಿನ ದೂರ −200 ಇದ್ದರೆ ಆವರಣದೊಳಗೆ ದೂರ − (−200), ಅಂದರೆ ದೂರ + 200.

ಈ ರೂಪಕ್ಕೆ ಸಿಗದ್ದು ಒಂದಿದೆ: ಹಗ್ಗ ಇಳಿಬಿಟ್ಟ ಆ ಬಾವಿಯೇ. ನೇರ ಕೆಳಗಿಳಿಯುವ ಗೆರೆಯಲ್ಲಿ ದೂರದ ವ್ಯತ್ಯಾಸ ಸೊನ್ನೆ, ಸೊನ್ನೆಯಿಂದ ಭಾಗಿಸಲು ಬರುವುದಿಲ್ಲ, ಹಾಗಾಗಿ ಇಳಿಜಾರೇ ಇಲ್ಲ. ಅಲ್ಲಿ ‘ದೂರ = 500’ ಎಂದಷ್ಟೇ ಬರೆಯಬೇಕು.