ಒಂದು ಕ್ವಾರ್ಟರ್ ಎಂದರೆ ಎಷ್ಟು?

ಕಾಲು ಮುರಿದುಕೊಂಡು ಆಸ್ಪತ್ರೆ ಸೇರಿದ ಕೂಲಿಕಾರ. ಮೊದಲ ದಿನ ಚೆನ್ನಾಗಿಯೇ ಮಾತಾಡಿದವನಿಗೆ ಎರಡನೆಯ ದಿನ ಕೈ ನಡುಗುತ್ತದೆ, ಮೈಯೆಲ್ಲ ಬೆವರುತ್ತದೆ. ಮೂರನೆಯ ರಾತ್ರಿ ಗೋಡೆಯ ಮೇಲೆ ಹುಳ ಹರಿದಂತೆ ಕಂಡು ಕೂಗಾಡುತ್ತಾನೆ, ಡ್ರಿಪ್ ಕಿತ್ತೆಸೆಯುತ್ತಾನೆ. ದಿನವೂ ಕುಡಿಯುತ್ತಿದ್ದವನಿಗೆ ಒಮ್ಮೆಲೇ ಮದ್ಯ ತಪ್ಪಿದಾಗ ಹೀಗಾಗಬಹುದು, ಸಕಾಲಕ್ಕೆ ಚಿಕಿತ್ಸೆ ಸಿಗದಿದ್ದರೆ ಜೀವವೂ ಹೋಗಬಹುದು. ದಾಖಲಾದ ದಿನವೇ ‘ಎಷ್ಟು ಕುಡೀತೀರ, ಕೊನೇ ಸಲ ಕುಡಿದದ್ದು ಯಾವಾಗ’ ಎಂದು ಯಾರಾದರೂ ಕೇಳಿದ್ದರೆ ಔಷಧ ಮೊದಲೇ ಶುರುವಾಗುತ್ತಿತ್ತು.

ಇಂಥ ಪ್ರಶ್ನೆಯನ್ನು ಕೇಳಲು, ಸಿಕ್ಕ ಉತ್ತರವನ್ನು ಲೆಕ್ಕಕ್ಕೆ ತರಲು ಕಲಿಯುವ ಒಂದು ಅವಕಾಶ ನಮ್ಮ ವೈದ್ಯಕೀಯ ವಿದ್ಯಾರ್ಥಿಗಳಿಗಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್, 1979ರಲ್ಲಿ ಆರಂಭಿಸಿದ ಅಲ್ಪಾವಧಿ ಸಂಶೋಧನಾ ಯೋಜನೆ ಅದು. ಕಾಲೇಜುಗಳಲ್ಲಿ ಎಲ್ಲರೂ ‘ಎಸ್‌ಟಿಎಸ್’ ಎಂದೇ ಕರೆಯುತ್ತಾರೆ. ಎಂಬಿಬಿಎಸ್, ಬಿಡಿಎಸ್ ಓದುತ್ತಿರುವವರು ತಮ್ಮದೇ ಕಾಲೇಜಿನ ಅಧ್ಯಾಪಕರೊಬ್ಬರ ಮಾರ್ಗದರ್ಶನದಲ್ಲಿ ಒಂದು ಪುಟ್ಟ ಅಧ್ಯಯನದ ಪ್ರಸ್ತಾವ ಬರೆದು ಕಳಿಸಬೇಕು. ಆಯ್ಕೆಯಾದರೆ ಎರಡು ತಿಂಗಳ ಕೆಲಸ. ವರದಿ ಒಪ್ಪಿಗೆಯಾದ ಮೇಲೆ ಸ್ಟೈಪೆಂಡು, ಪ್ರಮಾಣಪತ್ರ. ವಿಷಯ ಯಾವುದೂ ಆಗಬಹುದು. ಮದ್ಯ, ತಂಬಾಕು, ಮೊಬೈಲಿನ ಗೀಳು ಇವುಗಳನ್ನು ಆರಿಸಿಕೊಳ್ಳುವವರು ಇನ್ನಷ್ಟು ಹೆಚ್ಚಲಿ ಎಂಬುದು ನನ್ನ ಆಸೆ. ಲ್ಯಾಬು ಬೇಡ, ದುಬಾರಿ ಯಂತ್ರ ಬೇಡ. ಬೇಕಾದದ್ದು ಒಂದು ಪ್ರಶ್ನಾವಳಿ ಮತ್ತು ಹಾಸಿಗೆಯ ಪಕ್ಕ ಕೂತು ಕೇಳಿಸಿಕೊಳ್ಳುವ ತಾಳ್ಮೆ.

ಪ್ರಶ್ನಾವಳಿ ಸಿದ್ಧವಾಗಿಯೇ ಇದೆ. ವಿಶ್ವ ಆರೋಗ್ಯ ಸಂಸ್ಥೆ ರೂಪಿಸಿದ ‘ಆಡಿಟ್’ನಲ್ಲಿ ಹತ್ತು ಪ್ರಶ್ನೆಗಳು, ಒಟ್ಟು 40 ಅಂಕ. ಎಂಟು ಅಥವಾ ಹೆಚ್ಚು ಬಂದರೆ ಕುಡಿತ ಅಪಾಯದ ಕಡೆಗೆ ವಾಲಿದೆ ಎಂದು ಅರ್ಥ. ಆದರೆ ಇದನ್ನು ಪರೀಕ್ಷಿಸಿದ್ದು ನಾರ್ವೆ, ಆಸ್ಟ್ರೇಲಿಯಾ, ಕೀನ್ಯಾ, ಬಲ್ಗೇರಿಯಾ, ಮೆಕ್ಸಿಕೊ, ಅಮೆರಿಕ ಎಂಬ ಆರು ದೇಶಗಳಲ್ಲಿ. ‘ಒಂದು ಸಲಕ್ಕೆ ಎಷ್ಟು ಡ್ರಿಂಕ್ಸ್?’ ಎಂಬ ಪ್ರಶ್ನೆ ಹಾಳೆಯ ಮೇಲೆ ಸುಲಭ. ನಮ್ಮ ವಾರ್ಡಿನಲ್ಲಿ ಸಿಗುವ ಉತ್ತರ ‘ಒಂದು ನೈಂಟಿ ಸಾ’, ‘ದಿನಾ ಒಂದು ಕ್ವಾರ್ಟರ್’ ಎಂಬಂಥದ್ದು.

ಇಲ್ಲಿಂದಲೇ ಸಂಶೋಧನೆ ಶುರು. ಒಂದು ಡ್ರಿಂಕ್ ಎಂದರೆ ಸುಮಾರು 10 ಗ್ರಾಂ ಆಲ್ಕೋಹಾಲ್. ನಮ್ಮಲ್ಲಿ ಮಾರುವ ವಿಸ್ಕಿ, ರಮ್ಮುಗಳಲ್ಲಿ ಆಲ್ಕೋಹಾಲ್ ಸಾಮಾನ್ಯವಾಗಿ ನೂರಕ್ಕೆ 42.8ರಷ್ಟು. ಗುಣಿಸಿ, ಮಿಲಿಯನ್ನು ಗ್ರಾಮಿಗೆ ತಿರುಗಿಸಿ ನೋಡಿದರೆ 30 ಮಿಲಿಗೆ ಸುಮಾರು ಒಂದು ಡ್ರಿಂಕ್. ಹಾಗಾಗಿ ನೈಂಟಿ ಎಂದರೆ ಮೂರು, 180 ಮಿಲಿಯ ಕ್ವಾರ್ಟರ್ ಎಂದರೆ ಆರು. ಆಡಿಟ್‌ನ ಮೂರನೆಯ ಪ್ರಶ್ನೆ ‘ಒಂದೇ ಸಲಕ್ಕೆ ಆರು ಅಥವಾ ಹೆಚ್ಚು ಡ್ರಿಂಕ್ಸ್ ಎಷ್ಟು ಸಲ ಕುಡಿಯುತ್ತೀರಿ?’ ಎಂದು ಕೇಳುತ್ತದೆ. ‘ಮೈಕೈ ನೋವಿಗೆ ಒಂದೇ ಒಂದು ಕ್ವಾರ್ಟರ್’ ಎನ್ನುವವನು ದಿನವೂ ಆ ಗೆರೆ ಮುಟ್ಟುತ್ತಿರುತ್ತಾನೆ. ‘ಒಂದು’ ಎಂದದ್ದನ್ನು ಒಂದೇ ಎಂದು ಬರೆದುಕೊಂಡರೆ ಇಡೀ ಅಧ್ಯಯನವೇ ಸುಳ್ಳಾಗುತ್ತದೆ. ಇಪ್ಪತ್ತರ ವಯಸ್ಸಿನಲ್ಲಿ ಇದನ್ನು ಕಲಿತ ವಿದ್ಯಾರ್ಥಿ ಮುಂದೆ ಯಾವ ರೋಗಿಯ ಮಾತನ್ನೂ ಅವಸರದಲ್ಲಿ ಕೇಳಲಾರ.

ಕೇಳುವ ರೀತಿಯಂತೂ ಲೆಕ್ಕಕ್ಕಿಂತ ಕಷ್ಟ. ‘ಕುಡುಕ’ ಎಂಬ ಪದ ನಮ್ಮ ನಾಲಿಗೆಯ ತುದಿಯಲ್ಲೇ ಇದೆ, ಕೇಸ್ ಶೀಟ್ ಬರೆಯುವವರ ಮನಸ್ಸಿನಲ್ಲೂ ಇದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಮದ್ಯ ಮತ್ತು ಮಾದಕ ವಸ್ತುಗಳಿಂದ ಬರುವ ತೊಂದರೆಯನ್ನು ಮಾನಸಿಕ ಕಾಯಿಲೆಗಳ ವ್ಯಾಖ್ಯೆಯೊಳಗೇ ಸೇರಿಸಿದೆ. ಕಾನೂನು ಒಪ್ಪಿದ್ದನ್ನು ವಾರ್ಡು ಇನ್ನೂ ಒಪ್ಪಬೇಕು. ಕಾಲೇಜಿನ ನೈತಿಕ ಸಮಿತಿಯ ಅನುಮತಿ, ಕನ್ನಡದಲ್ಲಿ ಓದಿ ಹೇಳಿದ ಒಪ್ಪಿಗೆ ಪತ್ರ, ಓದುಬರಹ ಬಾರದವರಿಗೆ ಹೆಬ್ಬೆಟ್ಟು ಮತ್ತು ಒಬ್ಬ ಸಾಕ್ಷಿ, ದಾಖಲೆಯಲ್ಲಿ ಹೆಸರಿನ ಬದಲು ಬರಿಯ ಸಂಖ್ಯೆ: ಇವನ್ನೆಲ್ಲ ಕಾಗದದ ಶಾಸ್ತ್ರವೆಂದುಕೊಳ್ಳಬಾರದು. ‘ಅಣ್ಣಾ, ಇಷ್ಟವಿಲ್ಲದಿದ್ದರೆ ಹೇಳಬೇಡಿ, ನಿಮ್ಮ ಚಿಕಿತ್ಸೆಗೆ ಏನೂ ತೊಂದರೆಯಿಲ್ಲ’ ಎಂದು ರೋಗಿಗೆ ಹೇಳಿ, ಆ ಮಾತಿನಂತೆ ನಡೆದುಕೊಳ್ಳುವುದನ್ನು ಅವು ಕಲಿಸುತ್ತವೆ.

ವೈದ್ಯಕೀಯ ಓದದವರಿಗೂ ಈ ಕ್ಷೇತ್ರದಲ್ಲಿ ಜಾಗವಿದೆ. ಮನಶ್ಶಾಸ್ತ್ರ, ಸಮಾಜಕಾರ್ಯ, ನರ್ಸಿಂಗ್ ಓದುವವರು ನೋಡಬೇಕಾದ ಕಡೆ ಬೆಂಗಳೂರಿನ ನಿಮ್ಹಾನ್ಸ್. ಅಲ್ಲಿ ವ್ಯಸನ ಚಿಕಿತ್ಸೆಗೇ ಮೀಸಲಾದ ಕೇಂದ್ರವಿದೆ. ತಂತ್ರಜ್ಞಾನದ ಗೀಳಿಗೆಂದು 2014ರಲ್ಲಿ ಶುರುವಾದ ‘ಶಟ್’ ಕ್ಲಿನಿಕ್ ಇದೆ.

2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆ ಮದ್ಯವನ್ನು ಅವಲಂಬಿಸಿದ 38 ಜನರಲ್ಲಿ ಒಬ್ಬರಿಗೆ ಮಾತ್ರ ಏನಾದರೊಂದು ಚಿಕಿತ್ಸೆ ಸಿಕ್ಕಿದೆ ಎಂದಿತು. ಆದ್ದರಿಂದ ಅಂಕ ಬರೆದುಕೊಂಡು ಎದ್ದು ಬರುವ ಹಾಗಿಲ್ಲ. ಪ್ರಶ್ನಾವಳಿ ಮುಗಿಸಿ ಹೊರಬಂದಾಗ ಕಾರಿಡಾರಿನಲ್ಲಿ ರೋಗಿಯ ಹೆಂಡತಿ ಕಾದು ನಿಂತಿರುತ್ತಾಳೆ. ‘ಬಿಡಿಸೋಕಾಗುತ್ತಾ ಮೇಡಂ?’ ಎಂದು ಕೇಳುತ್ತಾಳೆ. ಮನೋವೈದ್ಯರ ಓಪಿಡಿ ಯಾವ ವಾರ, ಎಷ್ಟನೆಯ ನಂಬರ್ ಕೋಣೆ, ಊರಿಗೆ ಹೋದ ಮೇಲೆ ಕರೆ ಮಾಡಲು ಟೆಲಿ ಮಾನಸ್ ಸಹಾಯವಾಣಿಯ 14416 ಇವಿಷ್ಟನ್ನು ಅಧ್ಯಯನದ ಮೊದಲ ದಿನವೇ ತಿಳಿದಿಟ್ಟುಕೊಂಡ ವಿದ್ಯಾರ್ಥಿನಿ, ಒಂದು ಚೀಟಿಯಲ್ಲಿ ಕನ್ನಡದಲ್ಲಿ ಬರೆದು ಆಕೆಯ ಕೈಗೆ ಕೊಡುತ್ತಾಳೆ.