ಮೋಜಣಿಯ ಸಾಹೇಬರೂ ಮಲೆಯೂರಿನ ಪಂಡಿತರೂ

ಚಾಮರಾಜನಗರ, ಗುಂಡ್ಲುಪೇಟೆಗಳ ಸೀಮೆಯಲ್ಲಿ ಜಮೀನಿನ ಎಲ್ಲೆಗಾಗಿ ನಕಾಶೆಯನ್ನು ಬಿಚ್ಚಿ ನೋಡುವವರು ಅನೇಕರುಂಟು. ಆದರೆ ಆ ನಾಡಿನ ಮೊದಲ ಶಾಸ್ತ್ರೀಯ ಮೋಜಣಿಯನ್ನು ನಡೆಸಿದವರು ಯಾರು, ಅವರೊಡನೆ ದುಡಿದ ನಮ್ಮವರು ಯಾರು ಎಂದು ವಿಚಾರಿಸುವವರು ವಿರಳ. ಈ ಪ್ರಶ್ನೆಯಲ್ಲಿ ನಮ್ಮ ಅಭಿಮಾನಕ್ಕೂ ಆತ್ಮಪರೀಕ್ಷೆಗೂ ಅವಕಾಶವಿರುವುದರಿಂದ ಅದನ್ನು ವಾಚಕರ ಮುಂದಿಡುತ್ತಿದ್ದೇವೆ.

ಕಾಲಿನ್ ಮೆಕೆಂಜಿಯವರು 1754ರಲ್ಲಿ ಸ್ಕಾಟ್ಲೆಂಡಿನ ಲೂಯಿಸ್ ದ್ವೀಪದ ಸ್ಟಾರ್ನೊವೇ ಎಂಬ ಊರಿನಲ್ಲಿ ಜನಿಸಿದರು. ಅಲ್ಲಿಯ ಸುಂಕದ ಕಚೇರಿಯಲ್ಲಿ ಕೆಲಕಾಲ ಅಧಿಕಾರಿಯಾಗಿದ್ದು, 1783ರಲ್ಲಿ ಮದರಾಸಿಗೆ ಬಂದು ಕಂಪನಿಯ ಸೈನ್ಯದಲ್ಲಿ ಇಂಜಿನಿಯರಾದರು. 1799ರಲ್ಲಿ ಶ್ರೀರಂಗಪಟ್ಟಣವು ಪತನವಾದಾಗ ಮುತ್ತಿಗೆಯ ಸೈನ್ಯದಲ್ಲಿ ಅವರೂ ಇದ್ದರು. ಟಿಪ್ಪೂ ಸುಲ್ತಾನರ ರಾಜ್ಯವು ಹಂಚಿಹೋಯಿತು. ಕೊಯಮತ್ತೂರು ಮತ್ತು ವಯನಾಡು ಸೀಮೆಗಳು ಕಂಪನಿಯ ಪಾಲಾದವು. ಹೀಗೆ ಈ ತಾಲ್ಲೂಕುಗಳು ಕಂಪನಿಯ ಸೀಮೆಗೆ ಹೊಂದಿದ ಗಡಿನಾಡಾದವು. ಗೆದ್ದ ನಾಡಿನ ಎಲ್ಲೆ ಎಲ್ಲಿ, ದಾರಿ ಯಾವುದು, ಹುಟ್ಟುವಳಿ ಎಷ್ಟು ಎಂಬುದನ್ನು ತಿಳಿಯದೆ ಆಳುವುದು ಸಾಧ್ಯವಿಲ್ಲವಷ್ಟೆ. ಆದುದರಿಂದಲೇ ಮೆಕೆಂಜಿಯವರನ್ನು ಮೈಸೂರು ಸೀಮೆಯ ಮೋಜಣಿಗೆ ನೇಮಿಸಲಾಯಿತು. ಇದು ಪರೋಪಕಾರಕ್ಕಾಗಿ ನಡೆದ ಕಾರ್ಯವೆಂದು ಯಾರೂ ಭ್ರಮಿಸಬೇಕಾದುದಿಲ್ಲ.

ಆದರೂ ಆ ಕಾರ್ಯವು ಸಾಮಾನ್ಯವಾದುದಲ್ಲ. ಸಮತಟ್ಟಾದ ನೆಲದಲ್ಲಿ ಒಂದು ಆಧಾರರೇಖೆಯನ್ನು ಎಚ್ಚರಿಕೆಯಿಂದ ಅಳೆದು, ಅದರ ತುದಿಗಳಿಂದ ದೂರದ ಬೆಟ್ಟಗಳ ಕೋನಗಳನ್ನು ಯಂತ್ರದಿಂದ ನೋಡಿ, ತ್ರಿಕೋನದ ಮೇಲೆ ತ್ರಿಕೋನವನ್ನು ಹೂಡುತ್ತ ಸುಮಾರು ಹತ್ತು ವರ್ಷಗಳಲ್ಲಿ 40,000 ಚದರ ಮೈಲಿಗಿಂತಲೂ ಹೆಚ್ಚು ನೆಲವನ್ನು ನಕಾಶೆಗೆ ಇಳಿಸಿದರು. ಕೆರೆ, ಕಾಲುವೆ, ಕಾಡು, ಕಣಿವೆ ಎಲ್ಲವೂ ಅದರಲ್ಲಿ ಸೇರಿದವು.

ಮೆಕೆಂಜಿಯವರ ಹಿರಿಮೆ ಇಷ್ಟಕ್ಕೇ ಮುಗಿಯುವುದಿಲ್ಲ. ನೆಲವನ್ನು ಅಳೆದಂತೆ ಅದರ ನೆನಪನ್ನೂ ಸಂಗ್ರಹಿಸಬೇಕೆಂಬ ಹಂಬಲ ಅವರಿಗಿತ್ತು. ಆದರೆ ಅವರಿಗೆ ದೇಶಭಾಷೆಗಳು ಬರುತ್ತಿರಲಿಲ್ಲ. ಇಲ್ಲಿಯೇ ನಮ್ಮವರ ಪಾತ್ರವು ಆರಂಭವಾಗುತ್ತದೆ. ಕಾವಲಿ ವೆಂಕಟ ಬೋರಯ್ಯನವರು ಅವರ ಬಲಗೈಯಾದರು. 1803ರಲ್ಲಿ ಅವರು ಅಕಾಲಮರಣಕ್ಕೆ ತುತ್ತಾಗಲು, ತಮ್ಮಂದಿರಾದ ಲಕ್ಷ್ಮಯ್ಯನವರು ಆ ಭಾರವನ್ನು ಹೊತ್ತರು. ಹಳಗನ್ನಡ ಶಾಸನಗಳನ್ನು ಓದಿ ಅರ್ಥಹೇಳಿದವರು ಮಲೆಯೂರಿನ ಜೈನ ಪಂಡಿತರಾದ ಧರ್ಮಯ್ಯನವರು.

ಆ ಮಲೆಯೂರೇ ಚಾಮರಾಜನಗರ ತಾಲ್ಲೂಕಿನ ಕನಕಗಿರಿ ಕ್ಷೇತ್ರ. 1804ರಲ್ಲಿ ಮೆಕೆಂಜಿಯವರು ಅಲ್ಲಿಗೆ ಬಂದು ಸ್ಥಳಪುರಾಣವನ್ನು ವಿಚಾರಿಸಿದರೆಂದೂ, ಆ ಊರಿನ ದೇವಚಂದ್ರನು ಪೂಜ್ಯಪಾದಚರಿತೆಯನ್ನು ಅವರ ಮುಂದಿಟ್ಟನೆಂದೂ ತಿಳಿದುಬರುತ್ತದೆ. ಆಗಿನ್ನೂ ಚಾಮರಾಜನಗರವೆಂಬ ಹೆಸರೇ ಇರಲಿಲ್ಲ. ಅರಿಕುಠಾರವೆಂಬ ಊರಿಗೆ ಮುಮ್ಮಡಿ ಕೃಷ್ಣರಾಜ ಒಡೆಯರು ತಮ್ಮ ತಂದೆಯವರ ಹೆಸರನ್ನಿಟ್ಟದ್ದು 1818ರಲ್ಲಿ. ದೇವಚಂದ್ರನು ಮುಂದೆ ರಾಜಾವಳೀಕಥೆಯನ್ನು ರಚಿಸಿ, ಕನ್ನಡ ನಾಡಿನ ರಾಜರ, ಕವಿಗಳ, ಕ್ಷೇತ್ರಗಳ ವೃತ್ತಾಂತಗಳನ್ನು ಗದ್ಯದಲ್ಲಿ ಹೆಣೆದಿಟ್ಟನು. ಊರೂರ ಶಾನುಭೋಗರೂ ಪುರೋಹಿತರೂ ಹೇಳಿದ ವಿವರಗಳು ಕೈಫಿಯತ್ತುಗಳಾಗಿ ಶೇಖರವಾದವು.

ಮೆಕೆಂಜಿಯವರು 1815ರಲ್ಲಿ ಇಡೀ ಭಾರತದ ಪ್ರಥಮ ಸರ್ವೆಯರ್ ಜನರಲ್ ಆದರು. 1821ರ ಮೇ 8ರಂದು ಕಲ್ಕತ್ತೆಯ ಸಮೀಪದಲ್ಲಿ ತೀರಿಕೊಂಡರು. ಅವರು ಕೂಡಿಸಿದ 1,568 ಹಸ್ತಪ್ರತಿಗಳು, 8,076 ಶಾಸನಪ್ರತಿಗಳು, 6,218 ನಾಣ್ಯಗಳೇ ಮೊದಲಾದ ಭಂಡಾರವನ್ನು ಕಂಪನಿಯು ಅವರ ಪತ್ನಿಯಿಂದ ಒಂದು ಲಕ್ಷ ರೂಪಾಯಿಗೆ ಕೊಂಡಿತು.

ಇನ್ನು ಕಹಿಯಾದ ಮಾತೊಂದಿದೆ. ಆ ಸಂಶೋಧನೆಯನ್ನು ತಾನು ಮುಂದುವರಿಸುವೆನೆಂದು ಲಕ್ಷ್ಮಯ್ಯನವರು ಕೋರಿದರು. ಕಲ್ಕತ್ತೆಯ ಏಷಿಯಾಟಿಕ್ ಸೊಸೈಟಿಯ ಸಮಿತಿಯು 1836ರಲ್ಲಿ ವರದಿಮಾಡುತ್ತ, ಇಂತಹ ಕಾರ್ಯವನ್ನು ನಡೆಸಬಲ್ಲ ಬುದ್ಧಿಶಕ್ತಿಯು ದೇಶೀಯರಲ್ಲಿ ದೊರೆಯುವುದು ದುರ್ಲಭವೆಂಬ ಅಭಿಪ್ರಾಯವನ್ನು ಕೊಟ್ಟಿತು. ಕೆಲಸವು ಟೇಲರ್ ಎಂಬ ಪಾದ್ರಿಗಳ ಕೈಸೇರಿತು. ಮೂರು ದಶಕಗಳಿಗೂ ಮಿಕ್ಕು ಸಂಗ್ರಹಿಸಿ, ಓದಿ, ಭಾಷಾಂತರಿಸಿದವನು ಅನರ್ಹ. ಅವನ ಬರಹವನ್ನು ಅವಲಂಬಿಸಿದವರು ಅರ್ಹರು! ದಾಸ್ಯವು ನೆಲವನ್ನು ಮಾತ್ರವಲ್ಲ, ವಿದ್ವತ್ತಿನ ಗೌರವವನ್ನೂ ಕಸಿಯುವುದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನವೇಕೆ?

ಮೆಕೆಂಜಿಯವರನ್ನು ಈ ತಪ್ಪಿಗೆ ಹೊಣೆಮಾಡುವುದು ನ್ಯಾಯವಲ್ಲ. 1816ರಲ್ಲಿ ಹಿಕ್ಕಿ ಎಂಬ ಚಿತ್ರಕಾರನು ಅವರ ಪಟವನ್ನು ಬರೆದಾಗ, ಅವರು ಒಬ್ಬರೇ ನಿಲ್ಲದೆ ತಮ್ಮ ದೇಶೀಯ ಸಹಾಯಕರೊಡನೆ ನಿಂತರು. ಹಿಂದುಗಡೆ ಗೊಮ್ಮಟಮೂರ್ತಿ. ಆ ಕೃತಜ್ಞತೆಯಾದರೂ ನಮಗೆ ಬೇಡವೆ? ಕನ್ನಡ ಕೈಫಿಯತ್ತುಗಳು ಕಲಬುರ್ಗಿಯವರ ಸಂಪಾದಕತ್ವದಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯದಿಂದ 1994ರಲ್ಲಿ ಪುಸ್ತಕರೂಪವಾಗಿ ಹೊರಬಂದಿವೆ. ಆದರೆ ಗುಂಡ್ಲುಪೇಟೆಯಲ್ಲಿ ಚಿಕ್ಕದೇವರಾಜ ಒಡೆಯರು ತಂದೆಯ ಸ್ಮರಣಾರ್ಥವಾಗಿ ಕಟ್ಟಿಸಿದ ಪರವಾಸುದೇವ ದೇವಾಲಯದ ಕಥೆಯನ್ನು ಆ ಊರಿನ ಎಷ್ಟು ಮಂದಿ ವಿದ್ಯಾರ್ಥಿಗಳು ಬಲ್ಲರು? ಧರ್ಮಯ್ಯ, ದೇವಚಂದ್ರರ ಹೆಸರನ್ನು ಮಲೆಯೂರಿನ ಸುತ್ತಣ ಶಾಲೆಗಳಲ್ಲಿ ಕೇಳಿದವರೆಷ್ಟು? ಪರದೇಶದ ದಂಡಿನ ಅಧಿಕಾರಿಯೊಬ್ಬನು ಊರೂರು ಅಲೆದು ಕೇಳಿದ ಪ್ರಶ್ನೆಗಳನ್ನು, ಊರಿನ ಮಕ್ಕಳಾದ ನಾವು ಕೇಳದಿದ್ದರೆ, ಆ ಸಮಿತಿಯ ಅವಹೇಳನಕ್ಕೆ ನಾವೇ ರುಜು ಹಾಕಿಕೊಟ್ಟಂತಾಗುವುದು.