ಓದಿಗೆ ಸಜ್ಜಾಗುವ ಮಿದುಳು

ಮಾತು ಕಲಿಯಲು ಮಗುವಿಗೆ ಶಾಲೆ ಬೇಕಿಲ್ಲ. ಸುತ್ತಲಿನವರ ಮಾತು ಕಿವಿಗೆ ಬೀಳುತ್ತಿದ್ದರೆ ಸಾಕು, ಮೂರು ವರ್ಷದ ಹೊತ್ತಿಗೆ ಅದು ವಾಕ್ಯ ಕಟ್ಟಿ ಮಾತಾಡುತ್ತದೆ. ಓದು ಹಾಗೆ ತಾನಾಗಿ ಬರುವುದಿಲ್ಲ. ಬರವಣಿಗೆ ಹುಟ್ಟಿ ಸುಮಾರು 5,000 ವರ್ಷಗಳಷ್ಟೇ ಆಗಿವೆ. ಓದಿಗೆಂದೇ ಮಿದುಳಿನಲ್ಲಿ ಒಂದು ಭಾಗ ವಿಕಾಸಗೊಳ್ಳಲು ಅಷ್ಟು ಕಾಲ ಸಾಲದು. ಹಾಗಾಗಿ ಬೇರೆ ಕೆಲಸಗಳಿಗಿದ್ದ ಭಾಗಗಳನ್ನು ಜೋಡಿಸಿಕೊಂಡು ಪ್ರತಿ ಮಗುವೂ ಓದಿನ ಜಾಲವನ್ನು ಹೊಸದಾಗಿ ಕಟ್ಟಿಕೊಳ್ಳಬೇಕು. ಒಂದನೆಯ ತರಗತಿಯ ಶಿಕ್ಷಕರ ಕೈಯಲ್ಲಿ ನಡೆಯುವುದು ಇದೇ ಕೆಲಸ. ಅದಕ್ಕೆ ಸಿಗಬೇಕಾದ ಗೌರವ ಇನ್ನೂ ಸಿಕ್ಕಿಲ್ಲ.

ಹುಟ್ಟಿದಾಗ ಮಗುವಿನ ಮಿದುಳು ದೊಡ್ಡವರ ಮಿದುಳಿನ ಕಾಲುಭಾಗದಷ್ಟಿರುತ್ತದೆ. ಆರನೆಯ ವರ್ಷಕ್ಕೆ ಶೇ 90ರಷ್ಟು ಬೆಳೆದಿರುತ್ತದೆ. ಗಾತ್ರ ಬೆಳೆದರೂ ಒಳಗಿನ ಜೋಡಣೆ ಮುಗಿದಿರುವುದಿಲ್ಲ. ನರಕೋಶಗಳ ನಡುವಿನ ಸಂಪರ್ಕಗಳಲ್ಲಿ ಮತ್ತೆ ಮತ್ತೆ ಬಳಕೆಯಾದವು ಗಟ್ಟಿಯಾಗುತ್ತವೆ, ಬಳಕೆಯಾಗದವು ಕಳಚಿಹೋಗುತ್ತವೆ. ಗಮನ, ಸಂಯಮಗಳನ್ನು ನೋಡಿಕೊಳ್ಳುವ ಹಣೆಯ ಹಿಂದಿನ ಭಾಗವಂತೂ ಇಪ್ಪತ್ತರ ವಯಸ್ಸು ದಾಟುವವರೆಗೂ ಬೆಳೆಯುತ್ತಲೇ ಇರುತ್ತದೆ. ಆರು ವರ್ಷದ ಮಗು ಮುಕ್ಕಾಲು ಗಂಟೆ ಅಲುಗಾಡದೆ ಕೂರಲಿಲ್ಲವೆಂದರೆ ಅದನ್ನು ತುಂಟತನವೆಂದು ಶಿಕ್ಷಿಸುವುದು ತಪ್ಪು.

ಅಕ್ಷರಗಳನ್ನು ಗುರುತಿಸುವ ಭಾಗ ಮಿದುಳಿನ ಎಡಗಡೆ, ಹಿಂಬದಿಯ ಕೆಳಗೆ ಇದೆ. ಓದು ಬಾರದವರಲ್ಲಿ ಇದೇ ಭಾಗ ಮುಖ, ವಸ್ತುಗಳ ಗುರುತಿಗೆ ಒದಗುತ್ತದೆ ಎಂಬುದನ್ನು ಫ್ರಾನ್ಸಿನ ವಿಜ್ಞಾನಿ ಸ್ಟಾನಿಸ್ಲಾಸ್ ದೆಹೆನ್ ಮತ್ತು ಸಂಗಡಿಗರು 2010ರಲ್ಲಿ ಬ್ರೆಜಿಲ್, ಪೋರ್ಚುಗಲ್‌ಗಳ ವಯಸ್ಕರ ಅಧ್ಯಯನದಿಂದ ತೋರಿಸಿದರು. ದೊಡ್ಡವರಾದ ಮೇಲೆ ಓದು ಕಲಿತವರಲ್ಲೂ ಅದು ಅಕ್ಷರಗಳಿಗೆ ಸ್ಪಂದಿಸುತ್ತಿತ್ತು. ವಸ್ತುವಿನ ವಿಷಯದಲ್ಲಿ ಎಡ ಬಲ ಮುಖ್ಯವಲ್ಲ. ಹಿಡಿ ಯಾವ ಕಡೆಗಿದ್ದರೂ ಸೌಟು ಸೌಟೇ. ಐದಾರು ವರ್ಷದ ಮಕ್ಕಳು ಅಕ್ಷರ, ಅಂಕಿಗಳನ್ನು ತಿರುವುಮುರುವಾಗಿ ಬರೆಯುವುದಕ್ಕೆ ಈ ಹಳೆಯ ಅಭ್ಯಾಸವೇ ಕಾರಣ. ಆ ವಯಸ್ಸಿಗೆ ಅದು ಸಹಜ.

ಕನ್ನಡ ಓದುವ ಮಗುವಿನ ಮುಂದೆ ಇನ್ನೂ ಒಂದು ಸವಾಲಿದೆ. ವರ್ಣಮಾಲೆಯ ಅಕ್ಷರಗಳು ಐವತ್ತರ ಒಳಗೇ ಇದ್ದರೂ ಕಾಗುಣಿತ ಸೇರಿದರೆ ರೂಪಗಳು ನಾನೂರನ್ನು ದಾಟುತ್ತವೆ, ಮೇಲೆ ಒತ್ತಕ್ಷರಗಳು ಬೇರೆ. ದ, ಧ, ಥಗಳನ್ನು ಬೇರೆ ಮಾಡುವುದು ಒಂದು ಸೀಳು, ಒಂದು ಚುಕ್ಕಿ. ವ, ಪ, ಷಗಳದ್ದೂ ಅದೇ ಪಾಡು. ಕನ್ನಡ ಮಕ್ಕಳ ಓದನ್ನು ಅಭ್ಯಸಿಸಿದ ಸೋನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಸಂಶೋಧನೆಯ ಪ್ರಕಾರ, ಇಂಗ್ಲಿಷ್ ಅಕ್ಷರಗಳಿಗಿಂತ ಕನ್ನಡದ ಅಕ್ಷರರೂಪಗಳು ಕೈವಶವಾಗಲು ಹೆಚ್ಚು ಕಾಲ ಬೇಕು. ಮೂರು, ನಾಲ್ಕನೆಯ ತರಗತಿಯಲ್ಲೂ ಆ ಕಲಿಕೆ ನಡೆದಿರುತ್ತದೆ. ‘ಕಮಲ’ವನ್ನು ಕ-ಮ-ಲ ಎಂದು ಬಿಡಿಸುವುದು ಮಗುವಿಗೆ ಸುಲಭ. ‘ಕಿ’ಯೊಳಗೆ ಕ್ ಮತ್ತು ಇ ಇವೆ ಎಂಬ ಅರಿವು ನಿಧಾನವಾಗಿ ಬರುತ್ತದೆ. ಆದ್ದರಿಂದ ಕಾಗುಣಿತವನ್ನು ರಾಗವಾಗಿ ಬಾಯಿಪಾಠ ಮಾಡಿಸಿ ಬಿಟ್ಟರೆ ಸಾಲದು, ಗುಣಿತದ ಗುರುತಿನಿಂದ ಸ್ವರ ಹೇಗೆ ಬದಲಾಗುತ್ತದೆಂದು ಮಗು ಕಿವಿಯಿಂದ ಹಿಡಿಯಬೇಕು. ಪ್ರಾಸದ ಆಟ, ಅಂತ್ಯಾಕ್ಷರಿ, ಶಿಶುಗೀತೆಗಳು ಇದಕ್ಕೆ ನೆರವಾಗುತ್ತವೆ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ ನಲಿ-ಕಲಿ ಎಂಬ ಕಲಿಕಾ ಪದ್ಧತಿಯಲ್ಲಿ ಮಗು ತನ್ನ ವೇಗದಲ್ಲೇ ಮುಂದಿನ ಮೆಟ್ಟಿಲಿಗೆ ಹೋಗಬಹುದು. ಕನ್ನಡ ಲಿಪಿಗೆ ಆ ಬಿಡುವು ನಿಜಕ್ಕೂ ಅಗತ್ಯ.

ಕೈಯಿಂದ ಬರೆಯುವುದಕ್ಕೂ ಬೆಲೆಯಿದೆ. ಇನ್ನೂ ಓದು ಬಾರದ ಐದು ವರ್ಷದ ಮಕ್ಕಳಲ್ಲಿ, ಅಕ್ಷರವನ್ನು ಕೈಯಿಂದ ಬರೆದು ಕಲಿತ ಮೇಲೆ ಓದಿನ ಜಾಲ ಚುರುಕಾದಷ್ಟು ಕೀಲಿಮಣೆ ಒತ್ತಿ ಕಲಿತಾಗ ಆಗಲಿಲ್ಲ ಎಂದು ಅಮೆರಿಕದ ಕರಿನ್ ಜೇಮ್ಸ್ 2012ರಲ್ಲಿ ಕಂಡುಕೊಂಡರು.

ಒಂದೇ ಹೊತ್ತಿಗೆ ಮನಸ್ಸು ಹಿಡಿದಿಟ್ಟುಕೊಳ್ಳುವ ವಿಷಯ ಬಹಳ ಕಡಿಮೆ. ಅಕ್ಷರ ಕೂಡಿಸುವುದಕ್ಕೇ ಗಮನವೆಲ್ಲ ಖರ್ಚಾದರೆ ವಾಕ್ಯದ ಕೊನೆ ಬರುವಷ್ಟರಲ್ಲಿ ಅದರ ಮೊದಲು ಮರೆತಿರುತ್ತದೆ. ತಡವರಿಸಿ ಓದುವ ಮಗುವಿಗೆ ಅರ್ಥವಾಗದಿರುವುದು ಬುದ್ಧಿಯ ಕೊರತೆಯಿಂದಲ್ಲ. ಸುಲಭದ ಪುಸ್ತಕವನ್ನೇ ಹಲವು ಸಲ ಓದಿಸಿದರೆ ಗುರುತಿಸುವಿಕೆ ಸರಾಗವಾಗಿ, ಅರ್ಥಕ್ಕೆ ಜಾಗ ಸಿಗುತ್ತದೆ. ಕಲಿತದ್ದು ನೆಲೆಯೂರಲು ನಿದ್ದೆ ಬೇಕು. ಆರರಿಂದ ಹನ್ನೆರಡು ವರ್ಷದವರಿಗೆ ದಿನಕ್ಕೆ 9ರಿಂದ 12 ಗಂಟೆ ನಿದ್ದೆ ಬೇಕೆಂಬುದು ತಜ್ಞರ ಸಲಹೆ.

ಇಷ್ಟೆಲ್ಲ ಅಭ್ಯಾಸ ದೊರೆತರೂ ಕೆಲವು ಮಕ್ಕಳಿಗೆ ಅಕ್ಷರ ಮತ್ತು ಧ್ವನಿಯ ನಂಟು ಹತ್ತುವುದಿಲ್ಲ. ಡಿಸ್ಲೆಕ್ಸಿಯಾ ಇರುವ ಈ ಮಕ್ಕಳು ಮಾತಿನಲ್ಲಿ, ಲೆಕ್ಕದಲ್ಲಿ ಚುರುಕಾಗಿರಬಹುದು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಇಂಥ ಕಲಿಕಾ ನ್ಯೂನತೆಯನ್ನು ಮಾನ್ಯ ಮಾಡಿದೆ. ಧ್ವನಿ ಮತ್ತು ಅಕ್ಷರವನ್ನು ಜೊತೆಯಾಗಿ, ಹಂತಹಂತವಾಗಿ ಕಲಿಸುವ ವಿಶೇಷ ತರಬೇತಿ ಮೊದಲ ತರಗತಿಗಳಲ್ಲೇ ಸಿಕ್ಕರೆ ಅದರ ಫಲ ಹೆಚ್ಚು.